ಅವರು ಅಂದರೆ ಯಾರು

ಆಟವನ್ನು ಮನೆಗೆ ತಂದವಳು ನನ್ನ ಮಗಳು. ಬೇಸಿಗೆ ರಜೆಯಲ್ಲಿ ಗೆಳತಿಯ ಹುಟ್ಟುಹಬ್ಬಕ್ಕೆ ಹೋದವಳು ಅಲ್ಲಿ ಕಲಿತು ಬಂದಿದ್ದಳು. ಒಬ್ಬರ ತಲೆಗೆ ಹೇರ್‌ಬ್ಯಾಂಡ್ ಹಾಕಿ, ಹಣೆಯ ಮೇಲೆ ನಿಲ್ಲುವ ಹಾಗೆ ಅದಕ್ಕೊಂದು ಚೀಟಿ ಸಿಕ್ಕಿಸುವುದು. ಚೀಟಿಯಲ್ಲಿ ಯಾರಾದರೂ ಪ್ರಸಿದ್ಧರ ಹೆಸರು. ಹಾಕಿಕೊಂಡವರಿಗೆ ಅದು ಕಾಣುವುದಿಲ್ಲ, ಮಿಕ್ಕವರಿಗೆಲ್ಲ ಕಾಣುತ್ತದೆ. ಪ್ರಶ್ನೆ ಕೇಳುತ್ತ ಕೇಳುತ್ತ ತಾನು ಯಾರೆಂದು ಕಂಡುಹಿಡಿಯಬೇಕು. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಇಪ್ಪತ್ತು ಪ್ರಶ್ನೆ ಮುಗಿಯುವುದರೊಳಗೆ ಹೇಳದಿದ್ದರೆ ಸೋತಂತೆ.

ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ನಾನು, ಗಂಡ, ಮಗಳು ಮತ್ತು ನನ್ನ ಅತ್ತೆ. ಮಾವ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಭಾನುವಾರ ಊಟವಾದ ಮೇಲೆ, ಎಲ್ಲರಿಗೂ ನಿದ್ದೆ ಬರುತ್ತಿರುವಾಗ, ಮಗಳು ಹೇರ್‌ಬ್ಯಾಂಡ್ ಹಿಡಿದುಕೊಂಡು ಬರುತ್ತಿದ್ದಳು. ಎಪ್ಪತ್ತನಾಲ್ಕು ವರ್ಷದ ಅತ್ತೆಯ ಬಿಳಿ ಕೂದಲಿನ ಮೇಲೆ ನೇರಳೆ ಬಣ್ಣದ ಹೇರ್‌ಬ್ಯಾಂಡ್, ಅದರ ಮುಂದೆ ಒಬ್ಬ ಕ್ರಿಕೆಟ್ ಆಟಗಾರನ ಹೆಸರು. ಅತ್ತೆ ನಗುತ್ತಿರಲಿಲ್ಲ. ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಎಲ್ಲಿ ಹೋದರೂ ಒಂದು ನಿಯಮ ಮಾಡದೆ ಇರಲಾರೆ. ಮೊದಲ ದಿನವೇ ಗಂಡನ ತಲೆಯ ಚೀಟಿ ನೋಡಿ ಮಗಳು, "ಇಲ್ಲ ಅಪ್ಪ, ಅವಳು ಸಿನಿಮಾದವಳಲ್ಲ" ಎಂದುಬಿಟ್ಟಳು. ಒಂದೇ ಮಾತಿಗೆ ಅರ್ಧ ಜಗತ್ತು ಪಟ್ಟಿಯಿಂದ ಹೊರಗೆ ಹೋಯಿತು. ಆಮೇಲೆ ಗಮನಿಸಿದೆ: ನಾವು ಆಟಗಾರರನ್ನು ಅವನು ಎನ್ನುತ್ತೇವೆ, ಮಂತ್ರಿಗಳನ್ನು ನಾಲ್ಕು ಜನರೆದುರು ಅವರು, ಹಿಂದಿನಿಂದ ಅವನು ಎನ್ನುತ್ತೇವೆ. ಸರ್ವನಾಮವೇ ಗುಟ್ಟು ರಟ್ಟು ಮಾಡುತ್ತದೆ. ಆದ್ದರಿಂದ ನಮ್ಮ ಮನೆಯ ಆಟದಲ್ಲಿ ಎಲ್ಲರೂ 'ಅವರು' ಎಂದು ಕಾನೂನು ಮಾಡಿದೆ.

"ಹೀರೋಗೆ ಯಾರಾದ್ರೂ ಅವರು ಅಂತಾರಾ ಅಮ್ಮಾ?" ಎಂದು ಮಗಳು ಕೇಳಿದಳು.

"ಈ ಮನೇಲಿ ಅಂತಾರೆ."

ಕಾನೂನನ್ನು ಎಲ್ಲರೂ ಒಪ್ಪಿದರು, ಅತ್ತೆಯೊಬ್ಬರನ್ನು ಬಿಟ್ಟು. ಅವರು ವಾದ ಮಾಡಲಿಲ್ಲ, ಅದು ಅವರ ಸ್ವಭಾವವಲ್ಲ. ತಮ್ಮದೇ ಒಂದು ಪದ ಮಾಡಿಕೊಂಡರು: ಚೀಟಿಯವರು. "ಚೀಟಿಯವರು ಇದ್ದಾರಾ, ಹೋಗ್ಬಿಟ್ರಾ?" "ಚೀಟಿಯವರು ಮನೆಗೆ ಬಂದ್ರೆ ಕಾಫಿ ಕೊಡಬಹುದಾ?" ಕಾಫಿಯ ಪ್ರಶ್ನೆಯಿಂದ ಸ್ವಾಮಿಗಳು, ಯೋಗದವರು ಎಲ್ಲ ಬೇರೆಯಾಗುತ್ತಿದ್ದರು. "ಚೀಟಿಯವರು ಹೆಂಡ್ತಿ ಮಾತು ಕೇಳೋರಾ?" ಎಂದು ಕೇಳಿದಾಗ ಗಂಡ, "ಅದೆಲ್ಲ ನಮಗೆ ಹೇಗೆ ಗೊತ್ತಾಗುತ್ತಮ್ಮ?" ಎಂದು ರೇಗಿದ. "ಪೇಪರಲ್ಲಿ ಬರುತ್ತಲ್ಲೋ" ಎಂದರು ಅತ್ತೆ. ಸಾಮಾನ್ಯವಾಗಿ ಹತ್ತು ಪ್ರಶ್ನೆಯೊಳಗೆ ಹೇಳಿಬಿಡುತ್ತಿದ್ದರು. ನನಗೆ ಹದಿನೈದಾದರೂ ಬೇಕು. ಇದರಿಂದ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಭಾನುವಾರ ಆಟದ್ದಾದರೆ ಗುರುವಾರ ಅತ್ತೆಯದು. ಪ್ರತಿ ಗುರುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಬನಶಂಕರಿ ಬಸ್ ನಿಲ್ದಾಣಕ್ಕೆ ನಡೆದು, ಉತ್ತರಹಳ್ಳಿಯ ಬಸ್ಸು ಹತ್ತಿ, ತಮ್ಮ ಅಕ್ಕನ ಮನೆಗೆ ಹೋಗುತ್ತಿದ್ದರು. ಅಕ್ಕನಿಗೆ ಎಂಬತ್ತರ ಹತ್ತಿರ; ಮಂಡಿ ನೋವು, ಮಹಡಿ ಇಳಿಯುವ ಹಾಗಿಲ್ಲ. ಅತ್ತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಪಲ್ಯವೋ ಗೊಜ್ಜೋ ತೆಗೆದುಕೊಂಡು ಹೋಗಿ, ಸಂಜೆ ನಾಲ್ಕೂವರೆಗೆ ಖಾಲಿ ಡಬ್ಬಿಯೊಂದಿಗೆ ವಾಪಸಾಗುತ್ತಿದ್ದರು. ಅಲ್ಲಿ ಏನು ಮಾಡುತ್ತಾರೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಶಾಲೆ ಇಲ್ಲದ ಗುರುವಾರ ಮನೆ ನನ್ನದಾಗುತ್ತಿತ್ತು, ಅಷ್ಟು ಸಾಕಿತ್ತು.

ಶಾಲೆ ಶುರುವಾದ ಮೇಲಿನ ಒಂದು ಭಾನುವಾರ, ಅತ್ತೆಯ ಚೀಟಿಗೆ ಮಗಳು ಈಗ ಇಲ್ಲದ ಒಬ್ಬ ಹಳೆಯ ನಟರ ಹೆಸರು ಬರೆದಳು. ಅವರ ಸಿನಿಮಾ ಟಿವಿಯಲ್ಲಿ ಬಂದರೆ ಅತ್ತೆ ಒಲೆ ಆರಿಸಿ ಬಂದು ಕೂರುತ್ತಿದ್ದರು. ಅಜ್ಜಿಗೆ ಸುಲಭವಾಗಲಿ ಎಂದೇ ಮಗಳು ಆ ಹೆಸರು ಆರಿಸಿದ್ದು. ನಾನು, ಗಂಡ ಇಬ್ಬರೂ ಚೀಟಿ ನೋಡಿದೆವು, ಇಬ್ಬರೂ ತಲೆಯಾಡಿಸಿದೆವು.

"ಚೀಟಿಯವರು ಇದ್ದಾರಾ?"

"ಇಲ್ಲ."

"ಸಿನಿಮಾದವರಾ?"

"ಹೌದು."

"ನಾನು ಟಾಕೀಸಲ್ಲಿ ನೋಡಿ ಅತ್ತಿದ್ದೀನಾ?"

ಮಗಳು ಅಪ್ಪನ ಮುಖ ನೋಡಿದಳು. "ಹೌದು ಅನ್ನು" ಎಂದ ಅವನು.

ಏಳನೇ ಪ್ರಶ್ನೆಯಾದ ಮೇಲೆ ಅತ್ತೆಯ ಮುಖದಲ್ಲಿ ಗೊತ್ತಾದವರ ನಗು ಬಂತು. ಬಾಯಿ ತೆರೆದರು. ಮತ್ತೆ ಮುಚ್ಚಿದರು. ಫ್ಯಾನು ನೋಡಿದರು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಹೇಳು ಅಜ್ಜಿ" ಎಂದಳು ಮಗಳು. "ಗೊತ್ತಾಗ್ತಿಲ್ಲ ಬಿಡೇ" ಎಂದರು. "ಇನ್ನೂ ಹದಿಮೂರು ಪ್ರಶ್ನೆ ಇದೆ" ಎಂದಳು. "ಸೋತೆ ಅಂತ ಬರ್ಕೋ" ಎಂದು ಅತ್ತೆ ಹೇರ್‌ಬ್ಯಾಂಡ್ ತೆಗೆದರು. ಮಗಳು ಚೀಟಿ ತೋರಿಸಿದಳು. ಅತ್ತೆ ಓದಿ, "ಹೌದಾ" ಎಂದು ಪಾತ್ರೆ ತೊಳೆಯಲು ಎದ್ದು ಹೋದರು.

ಗಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನ ಆಫೀಸಿನವರೊಬ್ಬರ ತಂದೆಗೆ ಮರೆವು ಹೀಗೆಯೇ, ಹೆಸರುಗಳಿಂದಲೇ ಶುರುವಾಗಿತ್ತಂತೆ. ಒಂದು ಸಲ ಅನುಮಾನ ಹೊಕ್ಕರೆ ಸಾಕ್ಷಿಗಳಿಗೆ ಬರವಿಲ್ಲ. ಆ ವಾರ ಹಾಲು ಉಕ್ಕಿತು. ಮುಂದಿನ ವಾರ ನಲ್ಲಿ ಹಾಗೇ ಹರಿಯುತ್ತಿತ್ತು. ಒಂದು ದಿನ ಬೀಗದ ಕೈ ಫ್ರಿಜ್ಜಿನ ಮೇಲೆ ಸಿಕ್ಕಿತು. ಅದೇ ತಿಂಗಳು ನಾನೂ ಎರಡು ಸಲ ಹಾಲು ಉಕ್ಕಿಸಿದ್ದೆ. ನನ್ನನ್ನು ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ.

ಅತ್ತೆಯನ್ನು ಕರೆದುಕೊಂಡು ಹೋದೆವು. ಜಯನಗರದ ಒಂದು ಕ್ಲಿನಿಕ್ಕು. ಡಾಕ್ಟರನ್ನು ನೋಡುವ ಮುಂಚೆ, ಒಬ್ಬ ಹುಡುಗಿ ಅತ್ತೆಯನ್ನು ಒಳಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ ಫಾರಂ ತುಂಬಿದಳು. ಅವಳ ಕನ್ನಡ ಹೊಸದಾಗಿ ಕಲಿತದ್ದು, ಆದರೆ ಪ್ರೀತಿಯಿಂದ ಮಾತಾಡುತ್ತಿದ್ದಳು. ನಮ್ಮನ್ನು ಹೊರಗೆ ಕೂರಲು ಹೇಳಿದಳು. ಮುಕ್ಕಾಲು ಗಂಟೆಯಾದ ಮೇಲೆ ಅತ್ತೆ ಹೊರಗೆ ಬಂದು, "ನಮ್ಮ ಆಟದ ಹಾಗೇ ಕಣೇ, ಆದ್ರೆ ಸುಲಭ" ಎಂದರು.

ವರದಿ ಸುಲಭವಾಗಿರಲಿಲ್ಲ. ನೂರರಿಂದ ಏಳೇಳು ಕಳೆಯಲು ಆಗಿಲ್ಲ. ಇವತ್ತು ಯಾವ ತಾರೀಖು ಎಂದರೆ ಏಕಾದಶಿ ಎಂದಿದ್ದಾರೆ. ಅದರ ಕೆಳಗೆ, ಇಂಗ್ಲಿಷಿನಲ್ಲಿ, ತಮ್ಮ ಗಂಡನ ಹೆಸರು ನೆನಪಿಗೆ ಬರಲಿಲ್ಲ ಎಂದಿತ್ತು. ಡಾಕ್ಟರು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಅಲ್ಲಿಯವರೆಗೆ ಒಬ್ಬರೇ ಓಡಾಡುವುದು ಬೇಡ ಎಂದರು. ಕೆಳಗೆ ಪಾರ್ಕಿಂಗಿನಲ್ಲಿ, ಅತ್ತೆ ಕಾರಿನೊಳಗೆ ಕೂತಿದ್ದಾಗ, ಗಂಡ ಹೊರಗೆ ನಿಂತು ಅತ್ತ. "ಅಪ್ಪನ ಹೆಸರೇ ಮರೆತಿದ್ದಾಳೆ" ಎಂದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದು ಎರಡನೇ ಸಲ. ನನಗೆ ಭಯವಾಯಿತು. ಭಯವಾದಾಗ ನಾನು ಚುರುಕಾಗುತ್ತೇನೆ, ಅದೇ ನನ್ನ ದೋಷ.

ಆ ಚುರುಕಿನಲ್ಲಿ ಏನೇನು ಮಾಡಿದೆ ಎಂದರೆ, ಬೀಗದ ಕೈ ನನ್ನ ಬ್ಯಾಗಿಗೆ ಹೋಯಿತು. ಗ್ಯಾಸಿನ ಹತ್ತಿರ ಒಬ್ಬರೇ ಹೋಗಬೇಡಿ ಎಂದೆ. ಭಾನುವಾರದ ಆಟ ನಿಂತಿತು, ಸೋತರೆ ಅವರಿಗೆ ಬೇಸರ ಎಂದು. ಗುರುವಾರ ನಿಂತಿತು. ನಿಜವಾದ ಕಾರಣ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. "ಬಿಪಿ ಜಾಸ್ತಿ ಇದೆ ಅತ್ತೆ, ಬಸ್ಸಲ್ಲಿ ತಲೆ ಸುತ್ತಬಹುದು ಅಂತ ಡಾಕ್ಟ್ರು ಹೇಳಿದ್ದಾರೆ" ಎಂದೆ.

"ನನಗೆ ಯಾವತ್ತೂ ತಲೆ ಸುತ್ತಿಲ್ವಲ್ಲೇ" ಎಂದರು.

"ಸುತ್ತಬಾರ್ದು ಅಂತಾನೇ ಅಲ್ವಾ?"

ನಾವೇ ಕಾರಿನಲ್ಲಿ ಬಿಡುತ್ತೇವೆ ಎಂದಿದ್ದೆವು. ಎರಡು ಸಲ ಬಿಟ್ಟೆವು ಕೂಡ, ಭಾನುವಾರ. ಗಂಡ ಫೋನು ನೋಡುತ್ತ ಸೋಫಾದ ತುದಿಯಲ್ಲಿ ಕೂತಿದ್ದ, ಅಕ್ಕತಂಗಿಯರು ಎದುರುಬದುರು ಕೂತು ಮಳೆಯ ವಿಷಯ ಮಾತಾಡಿದರು, ಅರ್ಧ ಗಂಟೆಗೆ ಎದ್ದು ಬಂದೆವು. ಆಮೇಲೆ ಅತ್ತೆಯೇ "ಬೇಡ, ನಿಮಗ್ಯಾಕೆ ತೊಂದರೆ" ಎಂದರು. ಗುರುವಾರಗಳಂದು ತಿಂಡಿ ಮುಗಿಸಿ, ಎಂದಿನ ಹಾಗೆ ಒಳ್ಳೆಯ ಸೀರೆ ಉಟ್ಟು, ವರಾಂಡದಲ್ಲಿ ಕೂರುತ್ತಿದ್ದರು. ಮೊದಲೆರಡು ವಾರ ಅದನ್ನೂ ನಾನು ಮರೆವಿನ ಲೆಕ್ಕಕ್ಕೇ ಸೇರಿಸಿದೆ.

ಗೊತ್ತಾದದ್ದು ಒಂದು ಭಾನುವಾರ, ಮಗಳ ಹಟದಿಂದ. ಅವಳಿಗೆ ಆಟ ಬೇಕೇ ಬೇಕಿತ್ತು. "ಅಜ್ಜಿ ಬರೀ ಉತ್ತರ ಹೇಳ್ಲಿ, ನೀನು ಹಾಕ್ಕೋ" ಎಂದು ನನ್ನ ತಲೆಗೆ ಹೇರ್‌ಬ್ಯಾಂಡ್ ತುರುಕಿದಳು. ಹೊಸ ಚೀಟಿ ಬರೆಯಲು ಸೋಮಾರಿತನ. ಹಳೆಯ ಚೀಟಿಗಳಲ್ಲಿ ಒಂದನ್ನು ಸಿಕ್ಕಿಸಿದಳು. ನಾನು ಒಂದೊಂದೇ ಕೇಳುತ್ತ ಹೋದೆ. ಇಲ್ಲದವರು, ಸಿನಿಮಾದವರು, ಹಳಬರು. ಹೌದು, ಇಲ್ಲ ಎಂದು ಸುಮ್ಮನಿರಬೇಕಾದ ಅತ್ತೆಗೆ ಸುಮ್ಮನಿರಲು ಆಗಲಿಲ್ಲ.

"ಒಂದು ಸಿನಿಮಾದಲ್ಲಿ ಇವರು ಕುರುಡರ ಪಾರ್ಟು ಮಾಡಿದ್ರಾ?" ಎಂದು ಕೇಳಿದೆ.

"ಹೌದು. ಆದ್ರೆ ನೀನು ಅಂದ್ಕೊಂಡಿರೋದಲ್ಲ, ಅದರಲ್ಲಿ ಕುರುಡು ಚೀಟಿಯವರ ಅಣ್ಣ. ಇದು ಅದಾದ ಮೇಲೆ ಬಂದಿದ್ದು, ನಿನ್ನ ಗಂಡ ಹೊಟ್ಟೇಲಿದ್ದಾಗ. ಕಡೇಲಿ ಕಣ್ಣು ಬರುತ್ತೆ, ಬಂದ ಮೇಲೆ ಯಾರನ್ನೂ ಗುರುತು ಹಿಡಿಯಲ್ಲ. ಇಂಟರ್ವಲ್‌ನಲ್ಲಿ ನನಗೆ ವಾಂತಿ."

ಹೆಸರು ನನಗೆ ಆಗಲೇ ಗೊತ್ತಾಗಿತ್ತು. ಇದು ಬೇಸಿಗೆ ಮುಗಿದ ಮೇಲೆ ಅತ್ತೆ ಸೋತ ಅದೇ ಚೀಟಿ ಎಂಬುದೂ ಗೊತ್ತಾಯಿತು. ಇಷ್ಟೆಲ್ಲ ನೆನಪಿರುವವರಿಗೆ ಹೆಸರು ಹೇಗೆ ಮರೆಯುತ್ತದೆ? ನಾನು ಗಟ್ಟಿಯಾಗಿ ಆ ನಟರ ಹೆಸರು ಹೇಳಿದೆ. ಅತ್ತೆ ನಾಚಿಕೊಂಡವರ ಹಾಗೆ ತಲೆ ತಗ್ಗಿಸಿ, "ಅದೇ" ಎಂದರು.

"ಅತ್ತೆ, ಅವತ್ತು ನಿಮ್ಮ ಚೀಟೀಲೂ ಇದೇ ಇತ್ತಲ್ಲ. ಗೊತ್ತಾಗಿತ್ತಾ ನಿಮಗೆ?"

"ಗೊತ್ತಾಗ್ದೆ ಏನು? ಏಳನೇದಕ್ಕೇ ಗೊತ್ತಾಯ್ತು."

"ಮತ್ತೆ ಸೋತೆ ಅಂದ್ರಿ?"

"ಇನ್ನೇನು ಮಾಡ್ಲಿ? ಅವರ ಹೆಸರು ಕಣೇ ಅದು."

"ಹೌದು, ಅವರದ್ದೇ. ಆ ನಟರದ್ದೇ."

"ಅಯ್ಯೋ, ಅವರದಲ್ಲ. ಅವರದು" ಎಂದು ಅತ್ತೆ ಗೋಡೆಯ ಮೇಲಿದ್ದ ಮಾವನ ಫೋಟೋ ಕಡೆ ಗಲ್ಲ ಎತ್ತಿ ತೋರಿಸಿದರು.

ಮಾವನ ಹೆಸರು ಅದೇ. ನಮಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿರುವುದು ಬೇರೆ, ಹೊಳೆಯುವುದು ಬೇರೆ. ಮಾವ ಸರ್ಕಾರಿ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಬೀದಿಗೆಲ್ಲ ಮೇಷ್ಟ್ರು, ಗಂಡನಿಗೆ ಅಪ್ಪ, ನನಗೆ ಮಾವ, ಮಗಳಿಗೆ ತಾತ. ಹೆಸರು ಕಾಗದಗಳ ಮೇಲೆ ಮಾತ್ರ ಇತ್ತು, ಅದೂ ಎರಡು ಇನಿಷಿಯಲ್‌ಗಳ ಹಿಂದೆ. ಮತ್ತು ಅತ್ತೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಇದನ್ನು ನಾನು ಮಕ್ಕಳಿಗೆ ಪಾಠದಲ್ಲಿ, ಹಿಂದೆ ಹೀಗಿತ್ತು ಎಂದು ಹೇಳಿಕೊಡುತ್ತೇನೆ. ಬ್ಯಾಂಕಿನಲ್ಲಿ ಅತ್ತೆ ಬಾಯಿ ತೆರೆಯದೆ ಪಾಸ್‌ಬುಕ್ ತೋರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾನು ನನ್ನ ಗಂಡನನ್ನು ಹೆಸರು ಹಿಡಿದು, ಏಕವಚನದಲ್ಲಿ, ಮೂರು ಮನೆಗೆ ಕೇಳುವ ಹಾಗೆ ಕರೆಯುತ್ತೇನೆ. ಮದುವೆಯಾದ ಹೊಸದರಲ್ಲಿ ಅತ್ತೆ ಅದಕ್ಕೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದರು. ಎಲ್ಲವೂ ಕಣ್ಣೆದುರಿಗೇ ಇತ್ತು.

ಚೀಟಿಯವರು ಎಂಬ ಪದ ಯಾಕೆ ಬಂತೆಂದೂ ಆಗ ತಿಳಿಯಿತು. ಅವರ ಬಾಯಲ್ಲಿ 'ಅವರು' ಎಂಬುದು ಸರ್ವನಾಮವೇ ಅಲ್ಲ, ಒಬ್ಬರ ಹೆಸರು. ಅದನ್ನು ನಾನು ತಂದು ಕ್ರಿಕೆಟ್‌ನವರಿಗೂ ಮಂತ್ರಿಗಳಿಗೂ ಹಂಚಿದ್ದೆ.

ಮಗಳಿಗೆ ಇದೆಲ್ಲ ಭಾರಿ ತಮಾಷೆ. "ಒಂದ್ಸಲಾನೂ ಹೇಳಿಲ್ವಾ ಅಜ್ಜಿ?"

"ಮದುವೇಲಿ ನಾದಿನಿಯರು ಬಾಗಿಲು ತಡೆದು ಹೇಳಿಸಿದ್ರು. ಹೇಳದೇ ಇದ್ರೆ ಒಳಗೆ ಬಿಡಲ್ಲ ಅಂದ್ರು. ಅವತ್ತೊಂದು ದಿನ."

"ಹೇಳಿದ್ರೆ ಏನಾಗುತ್ತೆ?"

"ಅವರ ಆಯಸ್ಸು ಕಮ್ಮಿ ಆಗುತ್ತೆ ಅಂತಿದ್ರು."

"ತಾತ ಹೋಗಿ ಒಂಬತ್ತು ವರ್ಷ ಆಯ್ತಲ್ಲ. ಇನ್ನೇನು ಕಮ್ಮಿ ಆಗುತ್ತೆ?"

"ಹೋದ್ರು ಅಂತ ಈಗ ಶುರು ಮಾಡ್ಲಾ?" ಎಂದರು ಅತ್ತೆ.

ಗಂಡನ ಮುಖ ಬಿಳುಚಿತ್ತು. ಅವನಿಗೂ ವರದಿಯ ಸಾಲು ನೆನಪಾಗಿತ್ತು. ನಾನು ಅತ್ತೆಗೆ ನಿಜ ಹೇಳಿದೆ. ಬಿಪಿ ಸುಳ್ಳೆಂದೂ, ಕ್ಲಿನಿಕ್ಕಿನ ಹುಡುಗಿ ಕೇಳಿದ ಪ್ರಶ್ನೆಗೆ ಅವರು ಸುಮ್ಮನಿದ್ದದ್ದನ್ನು ಮರೆವು ಎಂದು ಬರೆದುಕೊಂಡರೆಂದೂ, ಗುರುವಾರ ನಿಂತದ್ದು ಅದಕ್ಕೆಂದೂ.

"ಮರೆತಿದ್ದೀನಿ ಅಂತ ಬರೆದಿದ್ದಾರಾ?"

"ಹೌದು ಅತ್ತೆ."

"ನೀವು ನಂಬಿದ್ರಾ?"

ನಾನು ಹೇರ್‌ಬ್ಯಾಂಡ್ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

"ಒಂದ್ಮಾತು ಕೇಳಿದ್ರೆ ಹೇಳ್ತಿದ್ದೆನಲ್ಲ."

"ಹೆಸರು ಹೇಳ್ತಿದ್ರಾ?"

"ಹೆಸರಲ್ಲ. ಹೇಳೋ ಹಾಗಿಲ್ಲ ಅಂತ ಹೇಳ್ತಿದ್ದೆ."

ಇಲ್ಲಿಗೆ ಮುಗಿಯಬೇಕಿತ್ತು. ಮರುದಿನ ಬೀಗದ ಕೈ ವಾಪಸು ಕೊಟ್ಟು, ಬರುವ ಗುರುವಾರ ಹೋಗಿ ಬನ್ನಿ ಎನ್ನಬೇಕಿತ್ತು. ಆದರೆ ಗಂಡ, "ಬರೀ ಹೆಸರೊಂದೇ ಅಲ್ಲ, ತಾರೀಖೂ ತಪ್ಪು ಹೇಳಿದ್ದಾಳೆ. ಮೂರು ತಿಂಗಳು ಹೇಗೂ ಆಗ್ತಾ ಬಂತು, ಟೆಸ್ಟ್ ಇನ್ನೊಂದ್ಸಲ ಆಗ್ಲಿ, ಆಮೇಲೆ ಬಸ್ಸು" ಎಂದ. ನಾನೂ ಆಗಲಿ ಎಂದೆ. ಅತ್ತೆ ಕೇಳಿಸಿಕೊಂಡರು, ಎದುರಾಡಲಿಲ್ಲ. ಹೋಗಲು ಬಿಡುವ ಅಧಿಕಾರ ನಮ್ಮ ಕೈಗೆ ಬಂದು ಕೂತಿತ್ತು. ಒಮ್ಮೆ ಬಂದದ್ದನ್ನು ಬಿಡಲು ನಮಗೆ ಮನಸ್ಸಿರಲಿಲ್ಲ ಎಂದೇ ಈಗ ಅನಿಸುತ್ತದೆ.

ಎರಡನೇ ಸಲ ನಾನೊಬ್ಬಳೇ ಅತ್ತೆಯನ್ನು ಕರೆದುಕೊಂಡು ಹೋದೆ. ಮೊದಲೇ ಒಳಗೆ ಹೋಗಿ ಆ ಹುಡುಗಿಗೆ ಎಲ್ಲ ವಿವರಿಸಿದೆ. ಅವಳು ಕೆನ್ನೆಗೆ ಕೈ ಇಟ್ಟುಕೊಂಡಳು. "ಸಾರಿ ಮೇಡಂ, ನಮ್ ಅಜ್ಜಿ ಕೂಡ ಹೀಗೇ. ನನಗೆ ಗೊತ್ತಾಗಬೇಕಿತ್ತು. ಈ ಸಲ ಅದು ಕೇಳಲ್ಲ" ಎಂದಳು. ನನಗೆ ಸಮಾಧಾನವಾಯಿತು. ಒಂದು ತಪ್ಪನ್ನು ಸರಿಯಾಗಿ ತಿದ್ದಿದ ಖುಷಿ. ಈ ಬಾರಿ ನನ್ನನ್ನೂ ಒಳಗೆ, ಹಿಂದಿನ ಕುರ್ಚಿಯಲ್ಲಿ ಕೂರಲು ಬಿಟ್ಟಳು.

ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು. ತಾರೀಖು ಕೇಳಿದಾಗ ಇಂಗ್ಲಿಷ್ ತಿಂಗಳು, ತಾರೀಖು, ಇಸವಿ ಎಲ್ಲ ಹೇಳಿದರು. ಬೆಳಿಗ್ಗೆ ಕ್ಯಾಲೆಂಡರಿನ ಮುಂದೆ ನಿಂತದ್ದನ್ನು ನಾನು ನೋಡಿದ್ದೆ. ನೂರರಿಂದ ಏಳು ಕಳೆದು ತೊಂಬತ್ತಮೂರು ಎಂದರು, ಎಂಬತ್ತಾರು ಎಂದರು, ನಡುವೆ ನಿಂತು, ಬೆರಳು ಮಡಿಸಿ, ಎಪ್ಪತ್ತೊಂಬತ್ತು ಎಂದರು. ಮನೆಯಲ್ಲಿ ಅಭ್ಯಾಸ ಮಾಡಿದ್ದಾರೆ ಎಂದು ಆಗ ಗೊತ್ತಾಯಿತು. ಹುಡುಗಿ ಬರೆದುಕೊಳ್ಳುತ್ತ ಹೋಗಿ, ಒಂದು ಕಡೆ ಪೆನ್ನು ಎತ್ತಿ, ಹಾಳೆ ಮಗುಚಿದಳು.

"ಅಲ್ಲೊಂದು ಬಿಟ್ರಿ" ಎಂದರು ಅತ್ತೆ.

"ಪರವಾಗಿಲ್ಲ ಅಮ್ಮ, ಅದು ಬೇಡ."

"ಹೋದ್ಸಲ ಕೇಳಿದ್ರಲ್ಲ."

"ಬೇಡಮ್ಮ, ಮೇಡಂ ಹೇಳಿದ್ದಾರೆ. ಅದು ಬಿಟ್ಟರೆ ಪ್ರಾಬ್ಲಮ್ ಇಲ್ಲ."

"ಅಲ್ಲಿ ಖಾಲಿ ಇರಬಾರ್ದು. ಬರ್ಕೊಳ್ಳಿ" ಎಂದರು. ಮೊದಲು ಎರಡು ಇನಿಷಿಯಲ್ ಹೇಳಿದರು. ಆಮೇಲೆ ಹೆಸರು. ಹಾಜರಿ ಕೂಗುವವರ ಹಾಗೆ, ಸ್ಪಷ್ಟವಾಗಿ, ಹಿಂದೆ ಮುಂದೆ ಏನೂ ಸೇರಿಸದೆ. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ, ಎದ್ದು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಹುಡುಗಿ ಬರೆಯಲೋ ಬೇಡವೋ ಎಂದು ನನ್ನ ಮುಖ ನೋಡಿದಳು.

"ಸರಿಯಾಗಿದೆಯಾ?" ಎಂದು ಅತ್ತೆ ಅವಳನ್ನು ಕೇಳಿದರು. ಅವಳು ತಲೆಯಾಡಿಸಿದಳು. ಅತ್ತೆ ತಿರುಗಿ ನನ್ನನ್ನು ಕೇಳಿದರು, "ಈಗ ಗುರುವಾರ ಹೋಗಬಹುದಾ?"

"ಅತ್ತೆ, ಯಾಕೆ ಹೇಳಿದ್ರಿ? ಬೇಡ ಅಂತ ಇವರೇ ಹೇಳಿದ್ರಲ್ಲ" ಎಂದೆ.

"ಅವರು ಬೇಜಾರು ಮಾಡ್ಕೊಳ್ಳಲ್ಲ ಬಿಡು. ಅವರಿದ್ದಿದ್ರೆ ಅವರೇ ಕರ್ಕೊಂಡು ಹೋಗ್ತಿದ್ರು" ಎಂದರು ಅತ್ತೆ. ಸೆರಗು ಸರಿಮಾಡಿಕೊಂಡರು. "ನೀನು ಅತ್ತೆ ಅಂತೀಯ, ಅವನು ಅಮ್ಮ ಅಂತಾನೆ, ಮಗು ಅಜ್ಜಿ ಅನ್ನುತ್ತೆ. ತಪ್ಪೇನಿಲ್ಲ. ಆದ್ರೆ ನನ್ನ ಹೆಸರು ಹಿಡಿದು ಕರೆಯೋಕೆ ಈಗ ಉಳಿದಿರೋದು ಅಕ್ಕ ಒಬ್ಬಳೇ ಕಣೇ."